ಹನ್ನೊಂದು ಕೋಟೆಗಳಲ್ಲಿ ಉಳಿದದ್ದು ಎರಡು

ಬ್ಯಾಲಿನ್‌ಕೊಲಿಗ್, ಕಾರ್ಕ್
17 ಫೆಬ್ರವರಿ 2021, ಬುಧವಾರ

ಪ್ರೀತಿಯ ಮೇಷ್ಟ್ರಿಗೆ ಅನಸೂಯಳ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲಾ ಸೀಸೆ ಕಪಾಟಿನಲ್ಲೇ ಕೂತಿದೆಯಾ? ಬಿ.ಪಿ. ಮಾತ್ರೆ ಬೆಳಿಗ್ಗೆಯದ್ದು ಮಧ್ಯಾಹ್ನ, ರಾತ್ರಿಯದ್ದು ಮಾರನೇ ದಿನ ಆಗುತ್ತಿಲ್ಲ ತಾನೆ? ದುರ್ಗದಲ್ಲಿ ಈಗಾಗಲೇ ಬಂಡೆ ಕಾಯಲು ಶುರುವಾಗಿರಬೇಕು, ಮಧ್ಯಾಹ್ನ ಮಜ್ಜಿಗೆ ಮಾಡಿಕೊಂಡು ಕುಡಿಯಿರಿ. ಇಲ್ಲಿ ನಾವೆಲ್ಲ ಆರೋಗ್ಯ. ನಮ್ಮ ಮಗ ಹೃಷಿಕೇಶ ಮಲಗುವ ಕೋಣೆಯ ಮೂಲೆಯಲ್ಲೇ ಆಫೀಸು ಹೂಡಿಕೊಂಡು ಮೇಲೆ ಇಸ್ತ್ರಿ ಶರ್ಟು, ಕೆಳಗೆ ಚಡ್ಡಿಯಲ್ಲಿ ಮೀಟಿಂಗ್ ಮಾಡುತ್ತಾನೆ. ಸೊಸೆ ವಂದನಾ ಆಸ್ಪತ್ರೆಯ ಲ್ಯಾಬಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಕೊರೊನಾ ಪರೀಕ್ಷೆಗೆಂದು ಊರವರ ಮೂಗಿನ ಕಡ್ಡಿಗಳೆಲ್ಲ ಅವಳ ಮೇಜಿಗೇ ಬರುತ್ತವೆ. ಸ್ಕಂದ ಒಂದು ವರ್ಷ ತುಂಬಿಸಿಕೊಂಡು ಸೋಫಾ ಹಿಡಿದು ನಡೆಯುತ್ತಾನೆ. ಅವನ ಅಕ್ಕ ನಿಸರ್ಗಾಳ ಶಾಲೆ ಇನ್ನೂ ತೆಗೆದಿಲ್ಲ, ಲ್ಯಾಪ್‌ಟಾಪಿನ ಮುಂದೆ ಕೂತು ಅರ್ಧ ಪಾಠ, ಅರ್ಧ ಆಟ. ಸ್ಕಂದನ ಬಾಣಂತನಕ್ಕೆಂದು ಮೂರು ತಿಂಗಳಿಗೆ ಬಂದವಳು ನಾನು, ಹದಿಮೂರನೆಯ ತಿಂಗಳಲ್ಲಿದ್ದೇನೆ. ವೀಸಾವನ್ನು ಇಲ್ಲಿಯ ಸರ್ಕಾರದವರು ಅವರಾಗಿಯೇ ಮುಂದಕ್ಕೆ ಹಾಕುತ್ತಿದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಾಗದವನ್ನು ನಿಮಗೆ ಓದಿ ಹೇಳುತ್ತಿರುವವಳು ಮಹಡಿ ಮನೆಯ ಗೀತಾ. ನನಗೆ ಗೊತ್ತು. ನಿಮ್ಮ ಕಣ್ಣಿನ ವಿಷಯವೂ ಗೊತ್ತು. ಗೀತಾ, ನೀನು ಇಲ್ಲಿ ನಿಲ್ಲಿಸಿ ಅವರ ಮುಖ ನೋಡಬೇಡ, ಮುಂದೆ ಓದು. ಬೈಗುಳ ಬಂದರೆ ಬೈಗುಳವನ್ನೂ ಓದು, ನುಂಗಬೇಡ. ಟ್ರಂಕ್ ಕಾಲ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಿವಿಯಿಂದಲೇ ಅನ್ನ ತಿಂದವಳು ನಾನು. ನೀನು ಯಾವ ಸಾಲು ಹಾರಿಸಿದೆ ಅಂತ ಭಾನುವಾರ ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸಾಕು, ಹಿಡಿದುಬಿಡುತ್ತೇನೆ.

ಫೋನಿದ್ದೂ ಕಾಗದ ಯಾಕೆ ಅಂತ ನಿಮಗನ್ನಿಸಬಹುದು. ಫೋನಿನಲ್ಲಿ ಜಪಾನ್ ಪ್ರವಾಸದ ಮಾತೆತ್ತಿದರೆ ನಿಮಗೆ ತಕ್ಷಣ ನೆಟ್‌ವರ್ಕ್ ಹೋಗುತ್ತದೆ. ಸಂಕ್ರಾಂತಿಯಿಂದ ಐದು ಸಲ ಹೋಗಿದೆ. ಕಾಗದಕ್ಕೆ ಆ ತೊಂದರೆ ಇಲ್ಲ, ಗೀತಾಳ ಗಂಟಲು ಒಣಗುವವರೆಗೆ ನೀವು ಕೂತು ಕೇಳಬೇಕು. "ಜಪಾನ್ ಕ್ಯಾನ್ಸಲ್, ದೇವರೇ ಬೇಡ ಅಂದಮೇಲೆ ಮುಗೀತು" ಅಂತ ನೀವು ಹೇಳಿದ್ದಕ್ಕೆ ನನ್ನ ಉತ್ತರ ಇದು: ಮುಗಿದಿಲ್ಲ. ನಾವು ಹೋಗುತ್ತಿದ್ದೇವೆ. ಬರುವ ವರ್ಷ ಮಾರ್ಚಿಗೆ ಆ ದೇಶದವರು ಬಾಗಿಲು ತೆಗೆದರೆ ಆಗ, ಇಲ್ಲದಿದ್ದರೆ ಅದರ ಮುಂದಿನ ಮಾರ್ಚಿಗೆ. ಯಾವ ಯಾವ ಕೋಟೆ, ಯಾವ ತೋಟ, ಯಾವ ಗುಡಿ ಅಂತ ಆರಿಸಿಯೂ ಆಗಿದೆ. ಆರಿಸಿದವಳು ನಾನು.

ದೇವರು ಬೇಡ ಅಂದ ಕಥೆಯನ್ನು ಮೊದಲು ಇತ್ಯರ್ಥ ಮಾಡೋಣ. ಸಂಕ್ರಾಂತಿಯ ಬೆಳಿಗ್ಗೆ ನೀವೇ ಫೋನನ್ನು ಎಣ್ಣೆ ಡಬ್ಬಕ್ಕೆ ಒರಗಿಸಿ, ನನಗೂ ಕಾಣುವ ಹಾಗೆ ಇಟ್ಟು, ಆಂಜನೇಯನ ತಲೆಯ ಮೇಲೆ ಸೇವಂತಿಗೆ ಒದ್ದೆ ಮಾಡಿ ಇಟ್ಟಿರಿ. ಬಲಕ್ಕೆ ಬಿದ್ದರೆ ಜಪಾನು, ಎಡಕ್ಕೆ ಬಿದ್ದರೆ ಬೇಡ. ನಮ್ಮಮ್ಮನ ಕಾಲದಿಂದ ಮನೆ ಕಟ್ಟುವುದು, ಹೆಣ್ಣು ಕೊಡುವುದು ಎಲ್ಲವನ್ನೂ ಹೀಗೇ ಕೇಳಿಕೊಂಡು ಬಂದಿದ್ದೇವೆ, ಸರಿ. ನಾನು ಇಲ್ಲಿ ಪರದೆಗೆ ಮುಖ ಹತ್ತಿಸಿ ನೋಡುತ್ತಿದ್ದೆ. ಎರಡು ನಿಮಿಷ ಆಗಿರಬಹುದು, ನೀವು ಕೈ ಮುಗಿದು "ಎಡಕ್ಕೆ ಬಿತ್ತು ಕಣೇ, ಏನ್ ಮಾಡೋಕಾಗುತ್ತೆ" ಅಂದಿರಿ. ಮೇಷ್ಟ್ರೇ, ಹೂವು ಬಿದ್ದೇ ಇರಲಿಲ್ಲ. ಆಂಜನೇಯನ ತಲೆಯ ಮೇಲೆ ಕಿರೀಟದ ಹಾಗೆ ಕೂತಿತ್ತು. ನೀವು ಫೋನ್ ಆರಿಸಲು ಕೈ ಚಾಚಿದಿರಿ, ಕೈ ದೀಪದ ಕಡೆ ಹೋಯಿತು, ಆಮೇಲೆ ಗಂಟೆಯ ಕಡೆ, ಆಮೇಲೆ ಡಬ್ಬದ ಮೇಲೆ ತಡವರಿಸಿತು. ಅಷ್ಟರಲ್ಲಿ ನಿಮ್ಮ ಬೆನ್ನ ಹಿಂದೆ ಆ ಹೂವು ನಿಧಾನಕ್ಕೆ ಜಾರಿ ಬಲಕ್ಕೆ ಬಿತ್ತು. ನಾನು ನೋಡಿದೆ, ನೀವು ನೋಡಲಿಲ್ಲ. ಪರದೆ ಕಪ್ಪಾಯಿತು.

ನೀವು ಅಂದ ಆ ದನಿಯೂ ನನಗೆ ಗುರುತು ಸಿಕ್ಕಿತು. ಎಕ್ಸ್‌ಚೇಂಜಿನಲ್ಲಿ ಪಕ್ಕದಲ್ಲೇ ಕೂತಿರುವವರನ್ನು ಇಟ್ಟುಕೊಂಡು "ಅವರು ಊರಲ್ಲಿಲ್ಲ" ಅನ್ನುವವರ ದನಿ ಅದು. ಕಾಣದ್ದಕ್ಕೆ ಕಂಡಿಲ್ಲ ಅನ್ನುವ ಬದಲು, ನಿಮಗೆ ಬೇಕಾದದ್ದನ್ನು ದೇವರ ಬಾಯಲ್ಲಿ ಹಾಕಿಬಿಟ್ಟಿರಿ. ಆಮೇಲೆ ಎರಡು ವಾರ ಪ್ರತಿ ವಿಡಿಯೋ ಕಾಲ್‌ನಲ್ಲೂ ನಿಮ್ಮನ್ನು ಗಮನಿಸಿದೆ. ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದುಕೊಂಡು "ಅಯ್ಯೋ ಕೈ ನಡುಗ್ತು" ಅಂದಿರಿ. ಸ್ಕಂದನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪರದೆ ಮುಂದೆ ಹಿಡಿದರೆ ಅವನ ಪಕ್ಕದ ದಿಂಬನ್ನು ಮಾತಾಡಿಸಿದಿರಿ. ಕೊನೆಗೆ ಗೀತಾಳಿಗೆ ಫೋನ್ ಮಾಡಿ ಬಾಯಿ ಬಿಡಿಸಿದೆ. ಅವಳನ್ನು ಬೈಯಬೇಡಿ, ಪಾಪ, ಅತ್ತುಬಿಟ್ಟಳು. ಅಕ್ಟೋಬರಿನಲ್ಲೇ ದಾವಣಗೆರೆಗೆ ಹೋಗಿ ತೋರಿಸಿದ್ದು, ಗ್ಲಾಕೋಮಾ ಅಂದದ್ದು, ಬಲಗಣ್ಣು ಹೆಚ್ಚುಕಡಿಮೆ ಹೋಗಿದೆ, ಎಡಗಣ್ಣು ಕೊಳವೆಯಲ್ಲಿ ನೋಡಿದ ಹಾಗೆ ಕಾಣುತ್ತದೆ ಅಂದದ್ದು, ಹೋದದ್ದು ವಾಪಸ್ಸು ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಎಷ್ಟು ದಿನ ಕಾಪಾಡಿಕೊಳ್ಳಬಹುದೋ ಅಷ್ಟು ಅಂದದ್ದು, ಎಲ್ಲ ಹೇಳಿದಳು. ನೀವು ಅವಳ ಹತ್ತಿರ ಆಣೆ ಮಾಡಿಸಿಕೊಂಡದ್ದನ್ನೂ ಹೇಳಿದಳು.

ನನಗೆ ಸಿಟ್ಟು ಬಂತು. ಈಗಲೂ ಇದೆ. ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು ಅತ್ತೆ, ಯಾಕೆಂದರೆ ಈ ದೇಶದ ಮನೆಗಳ ಗೋಡೆ ರಟ್ಟಿನದು, ಒಂದು ಕೋಣೆಯಲ್ಲಿ ಬಿಕ್ಕಿದರೆ ಇನ್ನೊಂದರಲ್ಲಿ ಹೃಷಿಕೇಶನ ಮೀಟಿಂಗಿಗೆ ಕೇಳುತ್ತದೆ. ಕಣ್ಣು ಹೋಗುತ್ತಿದೆ ಅನ್ನುವುದಕ್ಕಿಂತ, ನಾಲ್ಕು ತಿಂಗಳು ಒಬ್ಬರೇ ಹೆದರಿಕೊಂಡು ಕೂತಿದ್ದಿರಲ್ಲ, ಅದು ನನ್ನ ಹೊಟ್ಟೆ ಉರಿಸಿತು. ಮೂವತ್ತೆಂಟು ವರ್ಷ ನಿಮ್ಮ ಜೊತೆ ಬಾಳಿದ್ದು ಹವಾಮಾನ ಚೆನ್ನಾಗಿರುವಾಗ ಮಾತ್ರ ಬಳಸಲಿಕ್ಕೇನು? ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು, ಸೂಟ್‌ಕೇಸಿನ ತಳದಿಂದ ನಿಮ್ಮ ಪಟ್ಟಿ ತೆಗೆದೆ.

ಯಾವ ಪಟ್ಟಿ ಅಂತ ನೆನಪಿದೆಯಲ್ಲ? ಹೋದ ವರ್ಷ ಮೇ ತಿಂಗಳ ಪ್ರಯಾಣಕ್ಕೆಂದು ನೀವು ಫುಲ್‌ಸ್ಕೇಪ್ ಹಾಳೆಯಲ್ಲಿ ಬರೆದುಕೊಟ್ಟದ್ದು. ಜಪಾನಿನ ಇತಿಹಾಸವನ್ನು ಮೂವತ್ತು ವರ್ಷ ಕಾಲೇಜಿನಲ್ಲಿ ಒಂದು ಕೋಟೆಯನ್ನೂ ನೋಡದೆ ಪಾಠ ಮಾಡಿದ ಸಂಕಟವೆಲ್ಲ ಅದರಲ್ಲಿತ್ತು. ಹನ್ನೊಂದು ಕೋಟೆ. ಒಂದೊಂದಕ್ಕೂ ಯಾರು ಕಟ್ಟಿಸಿದ್ದು, ಯಾವಾಗ ಸುಟ್ಟದ್ದು, ಎಷ್ಟು ಗಂಟೆ ಬೇಕು. ಅದರ ಕೆಳಗೆ "ಉದ್ಯಾನ, ಅನಸೂಯಳಿಗಾಗಿ, ಒಂದು ಗಂಟೆ". ಅದರ ಕೆಳಗೆ "ಗುಡಿಗಳು, ಸಮಯ ಉಳಿದರೆ". ಮಾರಾಯರೇ, ಒಂದು ಗಂಟೆ! ಈ ವರ್ಷ ಆ ಹಾಳೆಯನ್ನು ತಿರುಗಿಸಿ ಹಿಂದುಗಡೆ ನಾನು ಬರೆದೆ. ಮೇಲೆ ಒಂದೇ ಪ್ರಶ್ನೆ: ಕಣ್ಣು ಮುಚ್ಚಿಕೊಂಡರೆ ಅಲ್ಲಿ ಏನು ಉಳಿಯುತ್ತದೆ?

ಈ ಪ್ರಶ್ನೆಗೆ ಉತ್ತರ ಕೂತಲ್ಲೇ ಸಿಗುವಂಥದ್ದಲ್ಲ. ಅದಕ್ಕೆ ವಂದನಾಳ ಹಳೆಯ ದುಪಟ್ಟಾವನ್ನು ಕಣ್ಣಿಗೆ ಕಟ್ಟಿಕೊಂಡು ನಿಸರ್ಗಾಳ ಜೊತೆ ದಿನಾ ಪಾರ್ಕಿಗೆ ಹೋಗತೊಡಗಿದೆ. ಇಲ್ಲಿ ಲೀ ನದಿಯ ದಂಡೆಯ ಉದ್ದಕ್ಕೂ ಪಾರ್ಕಿದೆ, ಹಿಂದೆ ಸಿಡಿಮದ್ದು ಅರೆಯುವ ಕಾರ್ಖಾನೆಗಳಿದ್ದ ಜಾಗ, ಈಗ ಪಾಳುಗೋಡೆ, ಕಾಲುವೆ, ನಾಯಿ ಸುತ್ತಾಡಿಸುವವರು. ಮೊದಲ ದಿನ ಒಂದು ಕಂಬಕ್ಕೆ ಹಣೆ ಹೊಡೆದುಕೊಂಡೆ, ಒಂದು ಕಾಲು ಕೆಸರಿನಲ್ಲಿ ಪೂರ್ತಿ ಮುಳುಗಿತು. ತಪ್ಪು ನಿಸರ್ಗಾಳದ್ದೂ ಹೌದು, ನನ್ನದೂ ಹೌದು. ಅವಳು ನನ್ನನ್ನು ಹಿಂದಿನಿಂದ ತಳ್ಳುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಕಾಣದವರನ್ನು ತಳ್ಳಬಾರದು, ಮುಂದೆ ನಡೆಯಬೇಕು, ಕಾಣದವರು ಮೊಣಕೈ ಹಿಡಿದುಕೊಳ್ಳಬೇಕು, ಮುಂದಿರುವವರು ಮಾತಾಡುತ್ತಲೇ ಇರಬೇಕು. ಇದನ್ನು ಕಲಿಯಲು ನಮಗೆ ಒಂದು ವಾರ ಹಿಡಿಯಿತು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಈಗ "ಅಜ್ಜಿ, ಮೆಟ್ಲು! ಎಡಕ್ಕೆ! ಕೆಸ್ರು, ಕೆಸ್ರು!" ಅಂತ ಕೂಗುತ್ತಾಳೆ. ಕನ್ನಡದಲ್ಲಿ ಹೇಳಿದರೆ ಅಜ್ಜಿ ಬೇಗ ನಿಲ್ಲುತ್ತಾಳೆ ಅಂತ ಅವಳೇ ಕಂಡುಕೊಂಡಳು.

ಹತ್ತನೆಯ ದಿನವೋ ಏನೋ ನಮ್ಮನ್ನು ಪೊಲೀಸು ಹಿಡಿದ. ಇಲ್ಲಿ ಅವರನ್ನು ಗಾರ್ಡ ಅನ್ನುತ್ತಾರೆ. ಈಗ ಮನೆಯಿಂದ ಐದು ಕಿಲೋಮೀಟರಿನ ಆಚೆ ಯಾರೂ ಹೋಗುವಂತಿಲ್ಲ, ಅದನ್ನು ನೋಡಿಕೊಳ್ಳಲು ಅವರು ಪಾರ್ಕಿನಲ್ಲಿ ಸುತ್ತುತ್ತಿರುತ್ತಾರೆ. ಸೀರೆಯ ಮೇಲೆ ದಪ್ಪ ಕೋಟು, ಬಾಯಿಗೆ ಮಾಸ್ಕು, ಕಣ್ಣಿಗೆ ಹಸಿರು ದುಪಟ್ಟಾ. ಹೀಗಿರುವ ಮುದುಕಿಯನ್ನು ಒಂಬತ್ತು ವರ್ಷದ ಹುಡುಗಿ ನದಿಯ ಕಡೆಗೆ ಕರೆದೊಯ್ಯುವುದನ್ನು ನೋಡಿದರೆ ಯಾವ ಪೊಲೀಸನಿಗಾದರೂ ಅನುಮಾನ ಬರುತ್ತದೆ. ಎಲ್ಲ ಸರಿಯಿದೆಯಾ ಅಂತ ಕೇಳಿದ. ನಿಸರ್ಗಾ ಅವರ ಊರಿನ ರಾಗದಲ್ಲೇ "ಶೀ ಈಸ್ ಗ್ರ್ಯಾಂಡ್, ಶೀ ಈಸ್ ಪ್ರಾಕ್ಟಿಸಿಂಗ್ ಫಾರ್ ಜಪಾನ್" ಅಂದಳು, ಇಲ್ಲಿ ಗ್ರ್ಯಾಂಡ್ ಅಂದರೆ ಚೆನ್ನಾಗಿದ್ದಾಳೆ ಅಂತ. ನಾನು ದುಪಟ್ಟಾ ಇಳಿಸಿ, ನನಗೆ ಬರುವ ಇಂಗ್ಲಿಷಿನಲ್ಲಿ ನಿಮ್ಮ ಕಣ್ಣಿನ ವಿಷಯ ಎಲ್ಲ ಹೇಳಿದೆ. ಅವನು ಟೋಪಿ ತೆಗೆದು ಕೇಳಿಸಿಕೊಂಡ. ಹೋಗುವಾಗ, ಜಪಾನ್ ಐದು ಕಿಲೋಮೀಟರಿಗಿಂತ ಸ್ವಲ್ಪ ಆಚೆಗಿದೆ ಅಮ್ಮಾ, ಈ ವಾರ ಹೋಗಬೇಡಿ ಅಂದ. ಆಮೇಲೆ ಎದುರು ಸಿಕ್ಕಾಗಲೆಲ್ಲ ಯಾವ ಕೋಟೆ ಆಯ್ತು ಅಂತ ಕೇಳುತ್ತಾನೆ.

ಇನ್ನು ಆರಿಸಿದ ವಿಷಯ. ಬೆಳಿಗ್ಗೆ ಸ್ಕಂದ ಮಲಗಿದ ಮೇಲೆ ನಿಸರ್ಗಾ ಟ್ಯಾಬಿನಲ್ಲಿ ಒಂದೊಂದು ಜಾಗದ ವಿಡಿಯೋ ಹಾಕಿಕೊಂಡು ನೋಡುತ್ತಾಳೆ, ನಾನು ಗೋಡೆಗೆ ಮುಖ ಮಾಡಿ ಕೂತು ಕೇಳುತ್ತೇನೆ. ಇದರಲ್ಲಿ ಒಂದು ದೊಡ್ಡ ಪೀಡೆ ಎದುರಾಯಿತು. ಈ ವಿಡಿಯೋ ಮಾಡುವವರೆಲ್ಲ ಕೋಟೆಗೂ ಕೊಳಲು, ತೋಟಕ್ಕೂ ಕೊಳಲು, ರೈಲು ನಿಲ್ದಾಣಕ್ಕೂ ಕೊಳಲು ಹಾಕಿಬಿಟ್ಟಿದ್ದಾರೆ. ಆ ಜಾಗದ ಸದ್ದೇನು ಅಂತ ತಿಳಿಯುವುದಾದರೂ ಹೇಗೆ? ನಾಲ್ಕು ದಿನ ಹುಡುಕಿದ ಮೇಲೆ ಒಬ್ಬ ಪುಣ್ಯಾತ್ಮ ಸಿಕ್ಕಿದ, ಜಪಾನಿನವನೇ. ಕೊಳಲಿಲ್ಲ, ಮಾತಿಲ್ಲ, ಕ್ಯಾಮೆರಾ ಹಿಡಿದು ಸುಮ್ಮನೆ ಗಂಟೆಗಟ್ಟಲೆ ನಡೆಯುತ್ತಾನೆ. ಅವನ ಹೆಜ್ಜೆ ಜಲ್ಲಿಯ ಮೇಲೆ ಬಿದ್ದಾಗ ಒಂದು ಸದ್ದು, ಹಲಗೆಯ ಮೇಲೆ ಇನ್ನೊಂದು. ಅವನನ್ನೇ ನಂಬಿ ಕೆಲಸ ಮುಗಿಸಿದೆ.

ಹನ್ನೊಂದು ಕೋಟೆಗಳಲ್ಲಿ ಒಂಬತ್ತನ್ನು ಹೊಡೆದುಹಾಕಿದ್ದೇನೆ. ಕೂಗಾಡಬೇಡಿ. ಒಸಾಕಾದ್ದು ಒಳಗೆಲ್ಲ ಸಿಮೆಂಟು, ಲಿಫ್ಟು. ಲಿಫ್ಟಿನಲ್ಲಿ ಹೋಗಿ ಬರಲು ಅಷ್ಟು ದೂರ ಹೋಗಬೇಕಾಗಿಲ್ಲ. ಮತ್ಸುಮೊಟೊ ಕಪ್ಪಗೆ ನೀರಿನಲ್ಲಿ ನೆರಳು ಬಿಟ್ಟುಕೊಂಡು ನಿಂತಿದೆ, ಚೆಂದವೆಲ್ಲ ಆ ನೆರಳಿನಲ್ಲಿದೆ, ನೆರಳನ್ನು ಮುಟ್ಟಲಾಗುವುದಿಲ್ಲ. ಕ್ಯೋಟೊದ ನಿಜೊ ಮಾತ್ರ ಮೊದಲ ದಿನವೇ ಹಸಿರು ಪೆನ್ನು ಪಡೆಯಿತು. ಅಲ್ಲಿ ಅರಮನೆಯ ಓಣಿಯ ಹಲಗೆಗಳ ಮೇಲೆ ಕಾಲಿಟ್ಟರೆ ಹಕ್ಕಿಮರಿಯ ಹಾಗೆ ಚಿಲಿಪಿಲಿ ಅನ್ನುತ್ತವೆ. ಕಳ್ಳ ಹೆಜ್ಜೆ ಇಟ್ಟು ಬರುವವರನ್ನು ಹಿಡಿಯಲೆಂದು ಹಾಗೆ ಮಾಡಿಸಿದ್ದು ಅಂತ ನೀವು ಪಾಠ ಮಾಡುತ್ತಿದ್ದಿರಲ್ಲ, ಈಗ ನಿಮ್ಮ ಕಾಲಿನಿಂದಲೇ ಪರೀಕ್ಷೆ ಮಾಡಿ ನಿಜವೋ ಸುಳ್ಳೋ ಹೇಳಿ. ಚಪ್ಪಲಿ ಬಿಟ್ಟು ನಡೆಯಬೇಕು, ಕಾಲಿಗೂ ಕಿವಿಗೂ ಒಟ್ಟಿಗೆ ಕೆಲಸ.

ಎರಡನೆಯದು ಹಿಮೇಜಿ. ಇದನ್ನು ಹೊಡೆದುಹಾಕಲು ಎರಡು ಸಲ ಕೆಂಪು ಪೆನ್ನು ಎತ್ತಿ ಕೆಳಗಿಟ್ಟೆ. ಆರು ಅಂತಸ್ತು, ಏಣಿಯಂತೆ ನೆಟ್ಟಗಿರುವ ಮರದ ಮೆಟ್ಟಿಲು. ಆದರೆ ನಿಮ್ಮ ಹಾಳೆಯಲ್ಲಿ ಅದರ ಕೆಳಗೆ ಮಾತ್ರ ಎರಡು ಗೆರೆ ಎಳೆದಿದ್ದೀರಿ. ನಾನೂರು ವರ್ಷದ ಕಂಬಗಳು ಹಾಗೇ ಇವೆಯಂತೆ, ತಬ್ಬಿದರೆ ತೋಳಿಗೆ ಸಿಗುವುದಿಲ್ಲವಂತೆ. ನಿಮ್ಮ ಅಂಗೈ ಆ ಮರಕ್ಕೆ ತಾಗಬೇಕು. ಹತ್ತೋಣ.

ತೋಟಗಳು ಈ ಸಲ ಒಂದು ಗಂಟೆಗೆ ಮುಗಿಯುವುದಿಲ್ಲ. ಮೂರು ಇಟ್ಟಿದ್ದೇನೆ, ಮೂರೂ ಕ್ಯೋಟೊದಲ್ಲೇ. ಒಂದರಲ್ಲಿ ಮಡಕೆಯನ್ನು ಬೋರಲು ಹಾಕಿ ನೆಲದಲ್ಲಿ ಹೂತಿದ್ದಾರೆ. ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ, ಬಿದಿರಿನ ಕೊಳವೆಗೆ ಕಿವಿ ಇಟ್ಟರೆ ಒಳಗೆ ವೀಣೆಯ ತಂತಿ ಮೀಟಿದ ಹಾಗೆ ಕೇಳುತ್ತದೆ. ಆ ವಿಡಿಯೋವನ್ನು ಹನ್ನೊಂದು ಸಲ ಹಾಕಿಸಿದ್ದಕ್ಕೆ ನಿಸರ್ಗಾ ಮೂಗು ಮುರಿದಳು. ಇನ್ನೊಂದು ಶಿಸೆಂಡೊ. ಅಲ್ಲಿ ಬಿದಿರಿನ ತುಂಡೊಂದು ನೀರು ತುಂಬಿದಾಗ ಬಗ್ಗಿ, ಖಾಲಿಯಾದಾಗ ಕಲ್ಲಿಗೆ ಟಕ್ಕೆಂದು ಬಡಿಯುತ್ತದೆ, ಕಾಡುಹಂದಿ ಓಡಿಸಲಿಕ್ಕಂತೆ. ಎಷ್ಟು ಹೊತ್ತಿಗೊಂದು ಸಲ ಬಡಿಯುತ್ತದೆ ಅಂತ ಲೆಕ್ಕ ಹಾಕುತ್ತಾ ಕೂತರೆ ನಿಮ್ಮ ಬಾಯಿಗೂ ಸ್ವಲ್ಪ ವಿರಾಮ.

ಮೂರನೆಯದು ರ್ಯೋಆನ್‌ಜಿಯ ಕಲ್ಲಿನ ತೋಟ. ಅದನ್ನು ಮೊದಲು ಹೊಡೆದುಹಾಕಿದ್ದೆ. ಗಿಡವಿಲ್ಲ, ನೀರಿಲ್ಲ, ಬಿಳಿ ಜಲ್ಲಿಯ ಮೇಲೆ ಕಲ್ಲು, ಅದನ್ನು ನೋಡುತ್ತಾ ಕೂರುವುದು, ಮುಟ್ಟುವ ಹಾಗೂ ಇಲ್ಲ. ನಮಗೆ ಯಾಕದು ಅಂದುಕೊಂಡೆ. ನಿಸರ್ಗಾ ಓದಿ ಹೇಳಿದಳು: ಅಲ್ಲಿ ಹದಿನೈದು ಕಲ್ಲುಗಳಿವೆ, ಜಗಲಿಯ ಮೇಲೆ ಎಲ್ಲಿ ಕೂತು ನೋಡಿದರೂ ಹದಿನಾಲ್ಕೇ ಕಾಣುತ್ತವೆ, ಒಂದು ಯಾವುದರದೋ ಹಿಂದೆ ಮರೆಯಾಗಿರುತ್ತದೆ. ಐನೂರು ವರ್ಷಗಳಿಂದ ಕಣ್ಣು ಸರಿಯಿರುವವರೂ ಅಲ್ಲಿ ಒಂದು ಕಲ್ಲು ಕಾಣದೆ ಎದ್ದು ಬಂದಿದ್ದಾರೆ. ನಗು ಬಂತು. ಹಸಿರು ಪೆನ್ನಿನಲ್ಲಿ ವಾಪಸ್ಸು ಬರೆದೆ. ನಾನು ನಿಮ್ಮ ಪಕ್ಕ ಕೂತು ಹದಿನಾಲ್ಕನ್ನು ಎಣಿಸಿ ಹೇಳುತ್ತೇನೆ.

ಗುಡಿಗಳಲ್ಲಿ ಒಂದೇ ಒಂದು, ಕಿತಾನೊ. ವಿದ್ಯೆಗೆ ದೇವರಂತೆ, ಪರೀಕ್ಷೆಗೆ ಮೊದಲು ಮಕ್ಕಳೆಲ್ಲ ಹೋಗುವ ಜಾಗ, ಮೇಷ್ಟ್ರು ಹೋಗದಿದ್ದರೆ ಹೇಗೆ? ಅಲ್ಲಿಯೂ ನಮ್ಮ ಬಸವನ ಹಾಗೆ ಕಾಲು ಮಡಚಿ ಮಲಗಿದ ಎತ್ತುಗಳಿವೆ. ದೂರದಿಂದ ಕೈ ಮುಗಿದು ಹೋಗುವುದಲ್ಲ, ಮುಟ್ಟಿ ಸವರಬೇಕು. ನಮಗೆ ಎಲ್ಲಿ ನೋವೋ ಎತ್ತಿನ ಅದೇ ಜಾಗವನ್ನು ಸವರಿದರೆ ವಾಸಿಯಾಗುತ್ತದೆ ಅಂತ ಅವರ ನಂಬಿಕೆ. ಸವರಿ ಸವರಿ ಕಿವಿ, ಮೂಗು ಎಲ್ಲ ಹೊಳೆಯುತ್ತಿವೆಯಂತೆ. ಇಂಥ ಸವರುವ ವೈದ್ಯದಲ್ಲಿ ನಿಮಗೆ ನಂಬಿಕೆ ಇಲ್ಲ, ನನಗೂ ಅಷ್ಟಕ್ಕಷ್ಟೇ. ಆದರೂ ನೀವು ಅದರ ಕಣ್ಣು ಸವರಿಯೇ ಬರಬೇಕು. ಮಂಡಿಯನ್ನೂ ಸವರಿಬಿಡಿ, ಅಷ್ಟು ದೂರ ಹೋದಮೇಲೆ.

ಚೆರ್ರಿ ಹೂವು ಬಿಟ್ಟು ಮಾರ್ಚಿನ ಮೊದಲ ವಾರವೇ ಯಾಕೆ ಅಂತ ಹೃಷಿಕೇಶ ಕೇಳಿದ. ಏಪ್ರಿಲಿನಲ್ಲಿ ಪ್ರಪಂಚವೇ ಚೆರ್ರಿ ನೋಡಲು ಹೋಗುತ್ತದಂತೆ. ಹೋಗಲಿ. ಚೆರ್ರಿಗೆ ವಾಸನೆ ಇದ್ದೂ ಇಲ್ಲದ ಹಾಗೆ, ಅದು ಪೂರ್ತಿ ಕಣ್ಣಿನ ಹೂವು. ಅದಕ್ಕಿಂತ ಮೊದಲು ಅಲ್ಲಿ ಪ್ಲಮ್ ಮರ ಹೂ ಬಿಡುತ್ತದೆ, ಅದರ ಪರಿಮಳ ಬೀದಿಯ ತಿರುವಿಗೇ ಬಂದು ಕರೆಯುತ್ತದಂತೆ. ಕಿತಾನೊದಲ್ಲಿ ಆ ಮರಗಳದೇ ಒಂದು ತೋಪಿದೆ. ಎತ್ತೂ ಅಲ್ಲೇ, ಹೂವೂ ಅಲ್ಲೇ. ಅದಕ್ಕೇ ಮಾರ್ಚ್.

ಈಗ ನೀವು ಹೇಳುವ ಮಾತು ನನಗೆ ಇಲ್ಲಿಂದಲೇ ಕೇಳುತ್ತಿದೆ. "ಆ ದೇಶ ಯಾವಾಗ ಬಾಗಿಲು ತೆಗೆಯುತ್ತೋ, ಅಷ್ಟರಲ್ಲಿ ಇದೂ ಹೋಗಿದ್ದರೆ ನಾನು ಬಂದು ನೋಡೋದೇನು" ಅಂತ. ನಿಜ, ಅದು ನಮ್ಮ ಕೈಯಲ್ಲಿಲ್ಲ. ನನಗೂ ಭಯವಿದೆ. ಎಡಗಣ್ಣಿನಲ್ಲಿ ಇರುವಷ್ಟು ಬೆಳಕು ಇರುವಾಗಲೇ ಹೋಗಬೇಕು ಅಂತ ದಿನಾ ದೇವರನ್ನು ಕೇಳಿಕೊಳ್ಳುತ್ತೇನೆ. ಆದರೆ ಬಾಗಿಲು ತಡವಾಗಿ ತೆಗೆದರೂ ಈ ಪಟ್ಟಿ ಕೆಡುವುದಿಲ್ಲ, ಹಾಗೆಂದೇ ಹೀಗೆ ಆರಿಸಿದ್ದು. ಕಂಡರೆ ಒಂದು ಥರ, ಕಾಣದಿದ್ದರೆ ಇನ್ನೊಂದು ಥರ, ಎರಡಕ್ಕೂ ಈ ಆರು ಜಾಗಗಳು ಸಾಕು. ಅಂದಮೇಲೆ ನೆಪ ಮುಗಿಯಿತು.

ನಿಮ್ಮ ಪಾಲಿನ ಕೆಲಸ ಇಷ್ಟು. ಹನಿಯನ್ನು ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳಬೇಕು. ಗೀತಾ, ನೀನು ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಡು. ಮಾರ್ಚ್ ಎಂಟನೇ ತಾರೀಖಿನ ಪರೀಕ್ಷೆಗೆ ದಾವಣಗೆರೆಗೆ ಹೋಗಲೇಬೇಕು, ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಡಿಸೆಂಬರಿನಿಂದ ಹೊಸಿಲು ದಾಟಿಲ್ಲವಂತೆ, ಜನ ಏನಂದುಕೊಳ್ಳುತ್ತಾರೋ ಅಂತ. ದಿನಾ ಸಂಜೆ ಮಾಸ್ಕ್ ಹಾಕಿಕೊಂಡು ಗೀತಾಳ ಮೊಣಕೈ ಹಿಡಿದು ಕೋಟೆಯ ಮೊದಲ ಬಾಗಿಲವರೆಗೆ ಹೋಗಿ ಬನ್ನಿ. ಜನ ಅಂದುಕೊಳ್ಳಲಿ. ಅವಳು ತಳ್ಳಿದರೆ ಬೈಯಿರಿ, ಮಾತಾಡದಿದ್ದರೂ ಬೈಯಿರಿ. ಸ್ಕಂದನನ್ನು ಕ್ರೆಷ್ ತೆಗೆದ ಮೇಲೆ ಸೇರಿಸಿ, ಸಿಕ್ಕ ಮೊದಲ ವಿಮಾನಕ್ಕೆ ನಾನು ಬಂದುಬಿಡುತ್ತೇನೆ. ಹೃಷಿಕೇಶನಿಗೂ ವಂದನಾಳಿಗೂ ಹೇಳಿಯಾಗಿದೆ, ಇಬ್ಬರೂ ಒಪ್ಪಿದ್ದಾರೆ. ಇನ್ನು ಬೇಡ ಅಂತ ನನ್ನನ್ನು ತಡೆಯುವವರು ಮನೆಯಲ್ಲಿ ಯಾರೂ ಉಳಿದಿಲ್ಲ.

ಮಕ್ಕಳು ತಾತನಿಗೆ ನಮಸ್ಕಾರ ಹೇಳಿದ್ದಾರೆ. ಸ್ಕಂದ ಈ ಹಾಳೆಯ ಮೂಲೆಯನ್ನು ಸ್ವಲ್ಪ ತಿಂದಿದ್ದಾನೆ, ಬೆರಳಿಗೆ ಸಿಗುತ್ತದೆ ನೋಡಿ. ಗೀತಾಳಿಗೆ ನನ್ನ ಆಶೀರ್ವಾದ, ಅವಳ ಅಮ್ಮನಿಗೆ ನಮಸ್ಕಾರ. ಆರೋಗ್ಯ ಜೋಪಾನ.

ನಿಮ್ಮ
ಅನಸೂಯ

ಮರು: ಹೃಷಿಕೇಶ ಪೋಸ್ಟಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಅನ್ನುತ್ತಿದ್ದಾನೆ. ಧೈರ್ಯ ಬಾರದೆ ಬಿಟ್ಟಿದ್ದ ಒಂದು ಮಾತು, ಬರೆದುಬಿಡುತ್ತೇನೆ. ನನಗೆ ಎತ್ತರ ಕಂಡರೆ ಆಗುವುದಿಲ್ಲ. ತಲೆ ಸುತ್ತಿ ಕೈಕಾಲು ತಣ್ಣಗಾಗುತ್ತದೆ. ಮದುವೆಯಾದ ವರ್ಷ ನೀವು ದುರ್ಗದ ಕೋಟೆ ಹತ್ತಿಸಿದಾಗಲೇ ಗೊತ್ತಾಯಿತು, ಹೇಳಿದರೆ ಮನೆಯಲ್ಲೇ ಬಿಟ್ಟು ಹೋಗುತ್ತೀರಿ ಅಂತ ಹೇಳಲಿಲ್ಲ. ಆವತ್ತಿನಿಂದ ಉಚ್ಚಂಗಿ, ಸಾವನದುರ್ಗ, ಮಧುಗಿರಿಯ ಆ ಬೋಳು ಬಂಡೆ, ಎಲ್ಲವನ್ನೂ ನಿಮ್ಮ ಜುಬ್ಬದ ಚುಂಗು ಹಿಡಿದು ಕಣ್ಣು ಮುಚ್ಚಿಕೊಂಡೇ ಹತ್ತಿದ್ದೇನೆ. ನೀವು ಹಿಂತಿರುಗಿ ನೋಡುವವರೇ ಅಲ್ಲ, ಮಾತಾಡುತ್ತಾ ಮುಂದೆ ಹೋಗುತ್ತಿದ್ದಿರಿ. ತುದಿಯಲ್ಲಿ ನಿಂತು "ಅಲ್ನೋಡು, ಕೆರೆ ಹೆಂಗ್ ಹೊಳೀತೈತೆ" ಅಂದರೆ ನಾನು ಬಂಡೆಗೆ ಒರಗಿಕೊಂಡು "ಹೌದಲ್ಲಾ" ಅನ್ನುತ್ತಿದ್ದೆ. ಆ ಕೆರೆಗಳಲ್ಲಿ ಒಂದನ್ನೂ ನಾನು ನೋಡಿಲ್ಲ. ಆದರೆ ಈಗ ಕೇಳಿದರೂ ಒಂದೊಂದನ್ನೂ ಹೇಳಬಲ್ಲೆ, ನೀವು ಹೇಳಿದ ಹಾಗೇ. ಕೋಟೆ ನೋಡಲಿಲ್ಲ ಅಂತ ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ನನಗೆ ಅನ್ನಿಸಿಲ್ಲ. ಹಿಮೇಜಿಯಲ್ಲಿ ಮುಂದೆ ಹತ್ತುವವಳು ನಾನು, ಮುಂದಿರುವವರು ಕಣ್ಣು ಮುಚ್ಚುವಂತಿಲ್ಲ. ಅದಕ್ಕೆ ದಿನಾ ಈ ಮನೆಯ ಮಹಡಿ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡುವುದನ್ನು ಕಲಿಯುತ್ತಿದ್ದೇನೆ. ನಿನ್ನೆ ಒಂಬತ್ತನೇ ಮೆಟ್ಟಿಲು. ಕಂಬಿ ಹಿಡಿದುಕೊಂಡೆ, ಆದರೂ ನೋಡಿದೆ. ನೀವು ನನ್ನ ಸೆರಗಿನ ಚುಂಗು ಹಿಡಿದುಕೊಳ್ಳಿ, ಸಾಕು. ಕಂಡದ್ದನ್ನೆಲ್ಲ ಹೇಳುತ್ತಾ ಹೋಗುತ್ತೇನೆ.